ಕೆಚಪ್ಪು ಮತ್ತು ಶುಂಠಿ ಪೆಪ್ಪರಮೆಂಟು

2022ರ ಜೂನ್ 9, ಗುರುವಾರ. ವಾಷಿಂಗ್ಟನ್ನಿನಲ್ಲಿ ಸಂಜೆ ಎಂಟು ಗಂಟೆ. ಬೇಸಿಗೆಯಾದ್ದರಿಂದ ಬೆಳಕು ಇನ್ನೂ ಆರಿಲ್ಲ. ಕ್ಯಾಪಿಟಲ್ ಭವನದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ರಾಬರ್ಟ್ ಟಾಫ್ಟ್ ಸ್ಮಾರಕ. ನೂರಡಿ ಎತ್ತರದ ಗಂಟೆಗೋಪುರ, ಬುಡದಲ್ಲಿ ಟಾಫ್ಟರ ಕಂಚಿನ ಪ್ರತಿಮೆ, ಸುತ್ತ ಹುಲ್ಲುಹಾಸು. ಆ ಹುಲ್ಲಿನ ಮೇಲೆ ಇವತ್ತು ದೊಡ್ಡ ಪರದೆ ಕಟ್ಟಿದ್ದಾರೆ. ಬಂದವರಿಗೆ ಬೆನ್ ಅಂಡ್ ಜೆರ್ರೀಸ್ ಐಸ್‌ಕ್ರೀಮು ಪುಕ್ಕಟೆ. ನಮ್ಮ ಟೂರಿಂಗ್ ಟಾಕೀಸಿನ ಕಾಲ ನೆನಪಾಗುವಂಥ ಏರ್ಪಾಟು. ತೋರಿಸುತ್ತಿರುವುದು ಮಾತ್ರ ಸದನ ಸಮಿತಿಯೊಂದರ ವಿಚಾರಣೆ.

ಟಾಫ್ಟ್ ಒಹಾಯೊದ ಸೆನೆಟರ್. ಬದುಕಿದ್ದಾಗ ಜನ ಅವರನ್ನು 'ಮಿಸ್ಟರ್ ರಿಪಬ್ಲಿಕನ್' ಎಂದೇ ಕರೆಯುತ್ತಿದ್ದರು. ಅವರ ಪಕ್ಷದ ನಾಯಕರು 'ಇದೆಲ್ಲ ನಾಟಕ' ಎಂದು ಮುಖ ತಿರುಗಿಸಿದ ಸಂಜೆ, ಅವರದೇ ಅಂಗಳದಲ್ಲಿ ಆ ನಾಟಕದ ಪ್ರದರ್ಶನ.

ಪರದೆಯ ಮೇಲೆ ಕ್ಯಾನನ್ ಕಟ್ಟಡದ ಸಭಾಂಗಣ ಕಾಣುತ್ತದೆ. ಎತ್ತರದ ಕಂಬಗಳು, ತೂಗುದೀಪಗಳು, ಉದ್ದನೆಯ ಮೇಜಿನ ಹಿಂದೆ ಒಂಬತ್ತು ಜನ. ಏಳು ಮಂದಿ ಡೆಮಾಕ್ರಟರು, ಇಬ್ಬರು ರಿಪಬ್ಲಿಕನ್ನರು. ನಡುವೆ ಕೂತ ಅಧ್ಯಕ್ಷರು ಮಿಸಿಸಿಪ್ಪಿಯ ಬೆನ್ನಿ ಥಾಂಪ್ಸನ್. ಗುಲಾಮಗಿರಿಯನ್ನೂ ಕರಿಯರನ್ನು ಮರಕ್ಕೆ ನೇತುಹಾಕಿದ್ದನ್ನೂ ಸಮರ್ಥಿಸಿಕೊಂಡ ಜನರಿದ್ದ ಸೀಮೆಯಿಂದ ಬಂದವನು ನಾನು ಎಂದು ಅವರು ಮಾತು ಶುರು ಮಾಡಿದರು. 2021ರ ಜನವರಿ 6ರ ಕೃತ್ಯಕ್ಕೆ ಈಗ ಸಮರ್ಥನೆ ಕೊಡುವವರ ದನಿಯಲ್ಲಿ ಆ ಹಳೆಯ ದನಿಯೇ ಕೇಳುತ್ತದೆ ಎಂದರು. ಪಕ್ಕದಲ್ಲಿ ಉಪಾಧ್ಯಕ್ಷೆ ಲಿಜ್ ಚೇನಿ. ಮಾಜಿ ಉಪರಾಷ್ಟ್ರಾಧ್ಯಕ್ಷ ಡಿಕ್ ಚೇನಿಯವರ ಮಗಳು, ಅಪ್ಪಟ ಬಲಪಂಥೀಯೆ. ಇಬ್ಬರಿಗೂ ಬೇರೆ ಯಾವ ವಿಷಯದಲ್ಲೂ ಒಮ್ಮತವಿರಲಿಕ್ಕಿಲ್ಲ.

ಇಷ್ಟು ಸಿದ್ಧತೆ ಯಾಕೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. 2020ರ ಚುನಾವಣೆಯಲ್ಲಿ ಜೋ ಬೈಡನ್‌ಗೆ 306, ಡೊನಾಲ್ಡ್ ಟ್ರಂಪ್‌ಗೆ 232 ಎಲೆಕ್ಟೋರಲ್ ಮತ. ಆ ಲೆಕ್ಕಕ್ಕೆ ಮುದ್ರೆ ಒತ್ತಲು ಸಂಸತ್ತಿನ ಎರಡೂ ಸದನ ಕೂಡಿದ ದಿನ ಸೋತ ಅಧ್ಯಕ್ಷರ ಬೆಂಬಲಿಗರು ಕಟ್ಟಡಕ್ಕೆ ನುಗ್ಗಿದರು. ಸುಮಾರು 140 ಪೊಲೀಸರಿಗೆ ಗಾಯ. ಎಣಿಕೆ ಗಂಟೆಗಟ್ಟಲೆ ನಿಂತಿತು. (ಆ ಗುಂಪಿನ ಬಾವುಟಗಳ ನಡುವೆ ಒಂದು ಭಾರತದ ತ್ರಿವರ್ಣವೂ ಹಾರಾಡಿತ್ತು. ನಮ್ಮಲ್ಲಿ ಎರಡು ದಿನ ಅದರದ್ದೇ ಮಾತಾಗಿತ್ತು.) ಸ್ವತಂತ್ರ ಆಯೋಗ ರಚಿಸುವ ಮಸೂದೆ ಸೆನೆಟ್‌ನಲ್ಲಿ ಬಿತ್ತು. ಆಮೇಲೆ ಪ್ರತಿನಿಧಿ ಸಭೆ ತನ್ನದೇ ಸಮಿತಿ ಮಾಡಿಕೊಂಡಿತು: ಪರ 222, ವಿರುದ್ಧ 190.

ಸಮಿತಿಯವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಸದನದ ವಿಚಾರಣೆ ಎಂದರೆ ಜನ ಚಾನೆಲ್ ಬದಲಿಸುತ್ತಾರೆ. ಪ್ರತಿಯೊಬ್ಬ ಸದಸ್ಯನೂ ಐದೈದು ನಿಮಿಷ ಭಾಷಣ ಬಿಗಿಯುವುದು, ಸಾಕ್ಷಿ ಆಕಳಿಸುವುದು, ಕೊನೆಗೆ ಏನೂ ತಿಳಿಯದೆ ಎಲ್ಲರೂ ಎದ್ದುಹೋಗುವುದು. ಹಾಗಾಗಬಾರದೆಂದು ಎಬಿಸಿ ನ್ಯೂಸ್‌ನ ಮಾಜಿ ಅಧ್ಯಕ್ಷ ಜೇಮ್ಸ್ ಗೋಲ್ಡ್‌ಸ್ಟನ್ ಅವರನ್ನು ಕರೆಸಿಕೊಂಡರು. ಒಂದೊಂದು ದಿನಕ್ಕೆ ಒಂದೊಂದು ಕಂತು, ಪ್ರತಿ ಕಂತಿಗೆ ಒಂದು ಕಥೆ, ಕೊನೆಯಲ್ಲಿ ಮುಂದಿನ ಕಂತಿನ ತುಣುಕು. ಇದನ್ನು ಗೇಲಿ ಮಾಡಿದವರುಂಟು. ನಾನು ಮಾಡಲಾರೆ. ಕೇಳಿಸಿಕೊಳ್ಳುವವರೇ ಇಲ್ಲದ ಸತ್ಯಕ್ಕಿಂತ ಚೆನ್ನಾಗಿ ಜೋಡಿಸಿಟ್ಟ ಸತ್ಯ ವಾಸಿ.

ಆ ರಾತ್ರಿ ಟಿವಿ ಮುಂದೆ ಕೂತವರು ಸುಮಾರು ಎರಡು ಕೋಟಿ. ಇಲ್ಲಿ ನಮಗೆ ಶುಕ್ರವಾರದ ಬೆಳಗಿನ ಐದೂವರೆ, ಹಾಲಿನವನು ಬರುವ ಹೊತ್ತು. ಅಲ್ಲಿ ಮಕ್ಕಳು, ಬಂಧುಗಳು ಇರುವ ಎಷ್ಟೋ ಮನೆಗಳಲ್ಲಿ ಮೊದಲ ಕಾಫಿಯ ಜೊತೆಗೇ ಇದು ಶುರುವಾಗಿರಬೇಕು.

ಫಾಕ್ಸ್ ನ್ಯೂಸ್ ಮುಖ್ಯ ಚಾನೆಲ್‌ನಲ್ಲಿ ನೇರಪ್ರಸಾರ ಮಾಡಲಿಲ್ಲ. ಆ ಹೊತ್ತಿಗೆ ಟಕರ್ ಕಾರ್ಲ್‌ಸನ್ ಒಂದು ಗಂಟೆ ಜಾಹೀರಾತು ಬಿಡುವೇ ಇಲ್ಲದೆ ಮಾತಾಡಿದರು. ಬಿಡುವು ಕೊಟ್ಟರೆ ನೋಡುಗರ ಬೆರಳು ರಿಮೋಟಿನ ಕಡೆ ಹೋದೀತಲ್ಲ! ಒಂದು ವಾಣಿಜ್ಯ ಚಾನೆಲ್ ತನ್ನ ಅತ್ಯಂತ ದುಬಾರಿ ಸಮಯದ ಜಾಹೀರಾತು ದುಡ್ಡನ್ನು ಕೈಯಾರೆ ಬಿಟ್ಟುಕೊಟ್ಟಿತೆಂದರೆ, ಆ ವಿಚಾರಣೆಗೆ ಅದಕ್ಕಿಂತ ದೊಡ್ಡ ಗೌರವ ಮತ್ತೊಂದಿಲ್ಲ.

ಪರದೆಯ ಮೇಲೆ ಅಲ್ಲಿಯವರೆಗೆ ಯಾರೂ ನೋಡಿರದ ವಿಡಿಯೊ ಓಡಿತು. ಒಡೆಯುವ ಗಾಜು, ಕಿರುಚಾಟ, ಪೊಲೀಸ್ ರೇಡಿಯೊದಲ್ಲಿ ಸಹಾಯಕ್ಕಾಗಿ ಕೂಗು. ಸಭಾಂಗಣದ ಮುಂದಿನ ಸಾಲಿನಲ್ಲಿ ಅದೇ ಪೊಲೀಸರು ಕೂತಿದ್ದರು. ಅವರ ಪಕ್ಕದಲ್ಲಿ ಗಲಭೆಯ ಮರುದಿನ ತೀರಿಕೊಂಡ ಅಧಿಕಾರಿ ಬ್ರಯಾನ್ ಸಿಕ್ನಿಕ್ ಅವರ ಸಂಗಾತಿ. ತಮ್ಮ ಮೇಲೆ ಬಿದ್ದ ಏಟುಗಳನ್ನೇ ದೊಡ್ಡ ಪರದೆಯಲ್ಲಿ ಮತ್ತೆ ನೋಡುವುದು ಎಂಥ ಶಿಕ್ಷೆಯೋ! ಆಮೇಲೆ ಸಾಕ್ಷಿ ಹೇಳಿದ ಕ್ಯಾರೊಲಿನ್ ಎಡ್ವರ್ಡ್ಸ್ ಕ್ಯಾಪಿಟಲ್ ಪೊಲೀಸ್ ಅಧಿಕಾರಿ. ಮೊದಲ ಬ್ಯಾರಿಕೇಡ್ ಬಿದ್ದಾಗ ತಲೆಗೆ ಪೆಟ್ಟು ತಿಂದು ಪ್ರಜ್ಞೆ ತಪ್ಪಿದವರು, ಎದ್ದು ಮತ್ತೆ ಹೋಗಿ ನಿಂತವರು. ನೆಲದ ಮೇಲಿನ ರಕ್ತಕ್ಕೆ ಕಾಲು ಜಾರುತ್ತಿತ್ತು ಎಂದು ಅವರು ದನಿ ಏರಿಸದೆ ಹೇಳಿದರು.

ಎರಡು ದಿನ ಕಳೆದು, ಜೂನ್ 11ರಂದು, ಅಮೆರಿಕದಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್‌ಗೆ 5 ಡಾಲರ್ ಮುಟ್ಟಿತು. ಹಿಂದೆಂದೂ ಅಷ್ಟು ಏರಿರಲಿಲ್ಲ. ಅಂಗಡಿಗಳಲ್ಲಿ ಮಕ್ಕಳ ಹಾಲುಪುಡಿ ಸಿಗುತ್ತಿರಲಿಲ್ಲ. ಹದಿನೈದಿಪ್ಪತ್ತು ದಿನದ ಹಿಂದಷ್ಟೇ ಟೆಕ್ಸಾಸಿನ ಯುವಾಲ್ಡೆಯ ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡು ಹಾರಿತ್ತು. ಈ ಎಲ್ಲದರ ನಡುವೆ ಒಂದೂವರೆ ವರ್ಷ ಹಳೆಯ ಗಲಭೆಯನ್ನು ಕುರಿತು ತಲೆ ಕೆಡಿಸಿಕೊಳ್ಳಿ ಎಂದು ಜನರನ್ನು ಕೇಳಬೇಕು. ರಿಪಬ್ಲಿಕನ್ ನಾಯಕರು ಪ್ರತಿ ಪ್ರಶ್ನೆಗೂ ಪೆಟ್ರೋಲ್ ಬಂಕಿನ ಬೋರ್ಡನ್ನೇ ತೋರಿಸಿದರು. ಉತ್ತರ ಅಪ್ರಾಮಾಣಿಕ, ಆದರೆ ಬೋರ್ಡು ಸುಳ್ಳಲ್ಲ. ಕಾರಿಗೆ ಎಣ್ಣೆ ತುಂಬಿಸಿ ಕೆಲಸಕ್ಕೆ ಹೋಗಬೇಕಾದವನಿಗೆ 1887ರ ಎಲೆಕ್ಟೋರಲ್ ಎಣಿಕೆ ಕಾಯ್ದೆ ಎಷ್ಟು ಹತ್ತಿರದ್ದು?

ಅದಕ್ಕೇ ಇರಬೇಕು, ಜನರ ಮನಸ್ಸಿನಲ್ಲಿ ಉಳಿದದ್ದು ಕಾಯ್ದೆಯ ಕಲಮುಗಳಲ್ಲ, ಒಂದೆರಡು ತಿನ್ನುವ ಪದಾರ್ಥಗಳು.

ಮೊದಲನೆಯದು ಕೆಚಪ್ಪು. ಜೂನ್ 28ರಂದು, ಹಿಂದಿನ ದಿನವಷ್ಟೇ ಘೋಷಿಸಿ, ದಿಢೀರನೆ ಒಂದು ವಿಚಾರಣೆ ಕರೆದರು. ಸಾಕ್ಷಿ ಯಾರೆಂಬುದನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಬಿಳಿ ಕೋಟು ತೊಟ್ಟ 25 ವರ್ಷದ ಕ್ಯಾಸಿಡಿ ಹಚಿನ್ಸನ್ ಬಂದು ಒಬ್ಬರೇ ಕೂತರು. ಶ್ವೇತಭವನದ ಮುಖ್ಯಾಧಿಕಾರಿಯ ಕಚೇರಿಯಲ್ಲಿ ಕೆಲಸ ಮಾಡಿದ ಹುಡುಗಿ. ಚುನಾವಣೆಯಲ್ಲಿ ಅಂಥ ಮೋಸವೇನೂ ಆಗಿಲ್ಲ ಎಂದು ಅಟಾರ್ನಿ ಜನರಲ್ ಬಿಲ್ ಬಾರ್ ಪತ್ರಿಕೆಗೆ ಹೇಳಿದ ದಿನ ಅಧ್ಯಕ್ಷರ ಊಟದ ಕೋಣೆಗೆ ಹೋದಾಗ ಕಂಡದ್ದನ್ನು ಆಕೆ ವಿವರಿಸಿದರು: ಬೆಂಕಿಗೂಡಿನ ಹತ್ತಿರ ಗೋಡೆಯ ಮೇಲಿಂದ ಕೆಚಪ್ ಇಳಿಯುತ್ತಿದೆ, ನೆಲದ ಮೇಲೆ ಪಿಂಗಾಣಿ ತಟ್ಟೆ ಚೂರುಚೂರಾಗಿದೆ, ಪರಿಚಾರಕ ಟೇಬಲ್ಲಿನ ಬಟ್ಟೆ ಬದಲಿಸುತ್ತಿದ್ದಾನೆ. ಆಕೆ ಒಂದು ಟವೆಲ್ ತೆಗೆದುಕೊಂಡು ಗೋಡೆ ಒರೆಸಲು ಕೈಜೋಡಿಸಿದರಂತೆ.

ಅಷ್ಟೇ ಸಾಕಾಯಿತು. ಹಾಡುಹಗಲಿನ ಆ ವಿಚಾರಣೆಯನ್ನು ಒಂದು ಕೋಟಿ ಮೂವತ್ತು ಲಕ್ಷ ಜನ ನೋಡಿದರು. ರಾತ್ರಿ ಹಾಸ್ಯ ಕಾರ್ಯಕ್ರಮದವರಿಗೆ ಹಬ್ಬ. ಫೋನುಗಳಲ್ಲಿ ಕೆಚಪ್ ಬಾಟಲಿಯ ಚಿತ್ರಗಳು ಹರಿದಾಡಿದವು. ಗುಂಪಿನಲ್ಲಿ ಆಯುಧ ಹಿಡಿದವರಿದ್ದಾರೆಂದು ತಿಳಿದೂ ಲೋಹಶೋಧಕ ಯಂತ್ರಗಳನ್ನು ತೆಗೆಸಿ ಎಂದು ಅಧ್ಯಕ್ಷರು ಕೂಗಾಡಿದರು ಎಂದು ಅದೇ ಸಾಕ್ಷಿ ಅದೇ ದಿನ ಹೇಳಿದ್ದಳು. ವಕೀಲರು ಕಿವಿ ನಿಮಿರಿಸಿದ್ದು ಆ ಮಾತಿಗೆ. ಊರೆಲ್ಲ ಆಡಿಕೊಂಡದ್ದು ಗೋಡೆಯ ಕಲೆಯನ್ನು. ತಾನು ಆಕೆಯನ್ನು ಸರಿಯಾಗಿ ಬಲ್ಲವನೇ ಅಲ್ಲ ಎಂದು ಟ್ರಂಪ್ ಬರೆದುಕೊಂಡರು.

ಎರಡನೆಯದು ಶುಂಠಿ ಪೆಪ್ಪರಮೆಂಟು. ಅದು ಬಂದದ್ದು ಕೆಚಪ್ಪಿಗಿಂತ ಒಂದು ವಾರ ಮುಂಚೆ, ಜೂನ್ 21ರಂದು.

ಜಾರ್ಜಿಯಾದ ಅಟ್ಲಾಂಟಾದಲ್ಲಿ ಶೇ ಮಾಸ್ ಎಂಬ ಹೆಣ್ಣುಮಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಚುನಾವಣಾ ಕಚೇರಿಯಲ್ಲಿ ದುಡಿದವಳು. ನಮ್ಮ ಕಡೆ ಚುನಾವಣಾ ಡ್ಯೂಟಿ ಬಿದ್ದ ಶಾಲೆ ಮೇಷ್ಟ್ರು, ತಾಲ್ಲೂಕು ಕಚೇರಿ ಗುಮಾಸ್ತರು ಮಾಡುವಂಥದೇ ಕೆಲಸ: ಅರ್ಜಿ ತುಂಬಿಸುವುದು, ವಯಸ್ಸಾದವರಿಗೆ ಅಂಚೆ ಮತ ಹಾಕುವುದು ಹೇಗೆಂದು ತೋರಿಸುವುದು, ಎಣಿಸುವುದು. 2020ರಲ್ಲಿ ಕೆಲಸ ಹೆಚ್ಚಿತ್ತೆಂದು ತಾಯಿ ರೂಬಿ ಫ್ರೀಮನ್ ಕೂಡ ತಾತ್ಕಾಲಿಕ ಸಿಬ್ಬಂದಿಯಾಗಿ ಬಂದರು. ಎಣಿಕೆ ಕೇಂದ್ರದ ಕ್ಯಾಮೆರಾದಲ್ಲಿ ತಾಯಿ ಮಗಳ ಕೈಗೆ ಏನೋ ಕೊಟ್ಟದ್ದು ದಾಖಲಾಯಿತು. ಅದು ಪೆನ್ ಡ್ರೈವ್, ಮಾದಕ ದ್ರವ್ಯ ದಾಟಿಸುವವರ ಹಾಗೆ ದಾಟಿಸುತ್ತಿದ್ದಾರೆ ಎಂದು ಟ್ರಂಪ್ ಪರ ವಕೀಲ ರೂಡಿ ಜೂಲಿಯಾನಿ ಊರಿಗೆಲ್ಲ ಸಾರಿದರು. ನಿಮ್ಮ ತಾಯಿ ಕೊಟ್ಟದ್ದೇನು ಎಂದು ಸಮಿತಿಯ ಆಡಮ್ ಶಿಫ್ ಕೇಳಿದರು. ಶೇ ಮಾಸ್ ಹೇಳಿದ್ದು ಇಷ್ಟೇ: ಶುಂಠಿ ಪೆಪ್ಪರಮೆಂಟು.

ಗಂಟಲು ಕಟ್ಟಿದ ಮಗಳಿಗೆ ಅಮ್ಮ ಕೊಡುವಂಥ ವಸ್ತು ಅದು. ಅದರ ಬೆಲೆಯಾಗಿ ಆಕೆಗೆ ಬಂದದ್ದು ಕೊಲೆ ಬೆದರಿಕೆಗಳು. ಅಜ್ಜಿಯ ಮನೆಗೆ ಅಪರಿಚಿತರು ಬಂದು, ನಾವೇ ಇವರನ್ನು ಬಂಧಿಸುತ್ತೇವೆ ಎಂದು ಒಳಗೆ ನುಗ್ಗಲು ನೋಡಿದರು. ಮಗಳು ಕಣ್ಣೀರು ಒರೆಸಿಕೊಳ್ಳುತ್ತ ಇದನ್ನೆಲ್ಲ ಹೇಳುವಾಗ ತಾಯಿ ಹಿಂದಿನ ಕುರ್ಚಿಯಲ್ಲೇ ಕೂತಿದ್ದರು. ರೂಬಿ ಫ್ರೀಮನ್ ಅವರ ಹೇಳಿಕೆಯನ್ನು ಮೊದಲೇ ಚಿತ್ರೀಕರಿಸಿದ್ದರು. ಊರಲ್ಲಿ ಎಲ್ಲರೂ ಅವರನ್ನು 'ಲೇಡಿ ರೂಬಿ' ಎನ್ನುತ್ತಿದ್ದರಂತೆ, ಆ ಹೆಸರು ಅಚ್ಚು ಹಾಕಿಸಿದ ಟೀ ಶರ್ಟುಗಳೂ ಅವರ ಬಳಿ ಇದ್ದವಂತೆ. ಮತದಾನದ ದಿನ ಹಾಕಿಕೊಂಡಿದ್ದೇ ಕೊನೆ. ಈಗ ಅಂಗಡಿಯ ಸಾಲಿನಲ್ಲಿ ಯಾರಾದರೂ ತನ್ನ ಹೆಸರು ಕೂಗಿದರೂ ಎದೆ ಝಲ್ಲೆನ್ನುತ್ತದೆ ಎಂದರು. ಅಮೆರಿಕದ ಅಧ್ಯಕ್ಷನೇ ನಿಮ್ಮ ಬೆನ್ನು ಬಿದ್ದರೆ ಹೇಗಿರುತ್ತದೆ ಗೊತ್ತೇ ಎಂದು ಅವರು ಕೇಳಿದಾಗ, ಅಲ್ಲಿ ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ.

ನನ್ನ ಲೆಕ್ಕದಲ್ಲಿ ಕೆಚಪ್ಪಿಗಿಂತ ಈ ಪೆಪ್ಪರಮೆಂಟು ದೊಡ್ಡದು. ಅಧ್ಯಕ್ಷನೊಬ್ಬ ತಟ್ಟೆ ಎಸೆದರೆ ಒಂದು ಗೋಡೆ ಹಾಳಾಗುತ್ತದೆ. ಎಣಿಸುವವಳು ಹೆದರಿ ಮನೆಯಲ್ಲಿ ಕೂತರೆ ಚುನಾವಣೆಯೇ ನಿಲ್ಲುತ್ತದೆ. ಆ ವಿಡಿಯೊದಲ್ಲಿದ್ದ ಕಾಯಂ ನೌಕರರಲ್ಲಿ ಒಬ್ಬರೂ ಈಗ ಆ ಕೆಲಸದಲ್ಲಿಲ್ಲ ಎಂದು ಮಾಸ್ ಹೇಳಿದರು. ದೇಶ ಬೆಚ್ಚಿ ಬೀಳಬೇಕಾದದ್ದು ಈ ಮಾತಿಗೆ. ಆದರೆ ಜನ ಹಂಚಿಕೊಂಡು ನಗುವಂಥ ಚಿತ್ರ ಅದರಲ್ಲಿರಲಿಲ್ಲ.

ಅದೇ ದಿನ ಸಾಕ್ಷಿ ಹೇಳಿದ ಮತ್ತೊಬ್ಬರು ಅರಿಜೋನಾ ವಿಧಾನಸಭೆಯ ಸ್ಪೀಕರ್ ರಸ್ಟಿ ಬೋವರ್ಸ್. ಕಟ್ಟಾ ರಿಪಬ್ಲಿಕನ್, ದೈವಭಕ್ತ. ಫಲಿತಾಂಶ ತಿರುಚಲು ಒಪ್ಪದ ಅವರ ಮನೆಯ ಮುಂದೆ ಶನಿವಾರಗಳಂದು ಲಾರಿಗಳು ಬಂದು ನಿಂತು ಧ್ವನಿವರ್ಧಕದಲ್ಲಿ ಬೈಯುತ್ತಿದ್ದವು. ಒಳಗೆ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಇಷ್ಟೆಲ್ಲ ಅನುಭವಿಸಿದ ಮನುಷ್ಯ, ಬೈಡನ್ ವಿರುದ್ಧ ಟ್ರಂಪ್ ಮತ್ತೆ ನಿಂತರೆ ತನ್ನ ಮತ ಟ್ರಂಪ್‌ಗೇ ಎಂದು ಅದೇ ದಿನಗಳಲ್ಲಿ ಸುದ್ದಿಸಂಸ್ಥೆಗೆ ಹೇಳಿದ್ದರು! ಆಮೇಲೆ ಆ ಮಾತು ಬದಲಿಸಿದರೆನ್ನಿ. ಪಕ್ಷ ಅಲ್ಲಿ ಯಾವ ಆಳಕ್ಕೆ ಬೇರು ಬಿಟ್ಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಮುಂದಿನ ವಿಚಾರಣೆ ಜೂನ್ 23ಕ್ಕೆ. ಅದರ ಮರುದಿನವೇ ಸುಪ್ರೀಂ ಕೋರ್ಟು ಗರ್ಭಪಾತದ ಹಕ್ಕಿಗಿದ್ದ ಸಂವಿಧಾನದ ರಕ್ಷಣೆ ತೆಗೆದುಹಾಕಿತು. ಕ್ಯಾಪಿಟಲ್ ಎದುರಿನ ರಸ್ತೆ ತುಂಬಿಹೋಯಿತು. ಜನ ಸಮಿತಿಗಾಗಿ ಬೀದಿಗಿಳಿಯಲಿಲ್ಲ, ಇದಕ್ಕಾಗಿ ಇಳಿದರು.

ನಮ್ಮ ಸದನ ಸಮಿತಿಗಳನ್ನು ಕಂಡವರಿಗೆ ಇದೆಲ್ಲ ವಿಚಿತ್ರವೆನಿಸೀತು. ಇಲ್ಲಿ ಸಂಸದೀಯ ಸಮಿತಿ ಕೂರುವುದೇ ಮುಚ್ಚಿದ ಬಾಗಿಲ ಹಿಂದೆ. ವರದಿ ಮಂಡನೆಯಾಗುವವರೆಗೆ ಒಳಗಿನ ಮಾತು ಗೋಪ್ಯ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಭೂಕಬಳಿಕೆಯನ್ನು ಕೆದಕಿ ವರದಿ ಕೊಟ್ಟಿತು, ಸುದ್ದಿಯೂ ಆಯಿತು. ಆದರೆ ಜಮೀನು ಕಳೆದುಕೊಂಡವರ ಮುಖವನ್ನೋ ಕಬಳಿಸಿದವರ ಬೆವರನ್ನೋ ನಾವು ಟಿವಿಯಲ್ಲಿ ನೋಡಲಿಲ್ಲ. ಅಮೆರಿಕದವರಿಗೆ ಈ ನೋಟದ ರೂಢಿ 1973ರ ವಾಟರ್‌ಗೇಟ್ ವಿಚಾರಣೆಯಿಂದಲೂ ಇದೆ. ಆಗ ಮೂರು ದೊಡ್ಡ ಚಾನೆಲ್‌ಗಳು ಸರದಿಯಂತೆ ತೋರಿಸಿದ್ದವು. ನೂರರಲ್ಲಿ 85 ಮನೆಗಳಲ್ಲಿ ಒಂದಿಷ್ಟಾದರೂ ನೋಡಿದರು. 2022ರಲ್ಲಿ ತಪ್ಪಿಸಿಕೊಳ್ಳಬೇಕೆಂದವನಿಗೆ ನೂರಾರು ದಾರಿಗಳಿದ್ದವು.

ಜುಲೈ 12. ವಿಚಾರಣೆ ಮುಗಿದು ಕ್ಯಾಮೆರಾಗಳು ಇನ್ನೂ ಆರಿಲ್ಲ, ಜನ ಏಳುತ್ತಿದ್ದಾರೆ. ಆ ದಿನದ ಸಾಕ್ಷಿಗಳಲ್ಲೊಬ್ಬ ಒಹಾಯೊದಲ್ಲಿ ಕಪಾಟು ತಯಾರಿಸುವ ಕಂಪನಿಯಲ್ಲಿದ್ದವನು; ಟ್ರಂಪ್ ಕರೆದರೆಂದು ಹೋಗಿ ಕ್ಯಾಪಿಟಲ್ ಒಳಗೆ ನುಗ್ಗಿದವನು. ಕೆಲಸ ಹೋಯಿತು, ಮನೆ ಮಾರಬೇಕಾಯಿತು ಎಂದು ಆಗಷ್ಟೇ ಹೇಳಿದ್ದ. ಎದ್ದವನು ನೇರ ಮುಂದಿನ ಸಾಲಿಗೆ ಹೋಗಿ, ಅಲ್ಲಿದ್ದ ಪೊಲೀಸರ ಮುಂದೆ ಒಬ್ಬೊಬ್ಬರಂತೆ ನಿಂತು ಕ್ಷಮೆ ಕೇಳಿದ. ಬಾಗಿಲಿನ ಸಂದಿಯಲ್ಲಿ ಸಿಕ್ಕಿ ನುಜ್ಜಾಗಿದ್ದ ಡೇನಿಯಲ್ ಹಾಜಸ್ ಕ್ಷಮೆ ಸ್ವೀಕರಿಸಿದೆ ಎಂದರು. ಏಟು ತಿಂದು ಹೃದಯಾಘಾತಕ್ಕೆ ಒಳಗಾಗಿದ್ದ ಮೈಕಲ್ ಫನೋನ್, ಅದರಿಂದ ನನಗೆ ಮೂರು ಕಾಸಿನ ಉಪಯೋಗವಿಲ್ಲ ಎಂಬರ್ಥದ ಮಾತನ್ನು ಇನ್ನೂ ಒರಟಾಗಿ ಆಡಿದರು. ಇಬ್ಬರೂ ಸರಿ ಎಂದೇ ನನಗನ್ನಿಸುತ್ತದೆ.

ಜುಲೈ 21ರ ರಾತ್ರಿ ಸಭಾಂಗಣದಲ್ಲಿ ನಗು ಕೇಳಿಸಿತು. ಜನವರಿ 6ರ ಬೆಳಗ್ಗೆ ಗುಂಪಿನತ್ತ ಮುಷ್ಟಿ ಎತ್ತಿ ಹುರಿದುಂಬಿಸಿದ್ದ ಸೆನೆಟರ್ ಜೋಷ್ ಹಾಲಿ, ಮಧ್ಯಾಹ್ನ ಅದೇ ಗುಂಪಿಗೆ ಹೆದರಿ ಪಡಸಾಲೆಯಲ್ಲಿ ಓಡುತ್ತಿರುವ ದೃಶ್ಯ. ಒಮ್ಮೆ ತೋರಿಸಿದರು, ಮತ್ತೆ ನಿಧಾನಗತಿಯಲ್ಲಿ ತೋರಿಸಿದರು. ಬೆಳಗಾಗುವಷ್ಟರಲ್ಲಿ ಆ ಓಟಕ್ಕೆ ಬಗೆಬಗೆಯ ಸಂಗೀತ ಹಚ್ಚಿದ ವಿಡಿಯೊಗಳು ಲೋಕ ಸುತ್ತಿದ್ದವು. 2024ರಲ್ಲಿ ಮಿಸೌರಿಯ ಮತದಾರರು ಹಾಲಿಯವರನ್ನು ಆರಾಮಾಗಿ ಮರು ಆಯ್ಕೆ ಮಾಡಿದರು.

ನಗುವುದು ಬೇರೆ, ಮತ ಹಾಕುವುದು ಬೇರೆ. ಆಗಸ್ಟ್ 2ರಂದು ಬೋವರ್ಸ್ ತಮ್ಮ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಸೋತರು. 16ರಂದು ವಯೋಮಿಂಗ್‌ನಲ್ಲಿ ಲಿಜ್ ಚೇನಿ ಸೋತರು, ಅದೂ ಸುಮಾರು 37 ಶೇಕಡಾವಾರು ಅಂಕಗಳ ಅಂತರದಲ್ಲಿ. ಮತ್ತೊಬ್ಬ ರಿಪಬ್ಲಿಕನ್ ಸದಸ್ಯ ಆಡಮ್ ಕಿನ್ಜಿಂಜರ್ ಸ್ಪರ್ಧಿಸಲೇ ಇಲ್ಲ. ಹೆಂಡತಿ, ಹಸುಗೂಸು ಸಮೇತ ಮುಗಿಸುತ್ತೇವೆ ಎಂಬ ಪತ್ರ ಅವರ ಮನೆಗೆ ಬಂದಿತ್ತು. ವಿಚಾರಣೆಗೆ ಮುಂಚಿನ ಮತ್ತು ನಂತರದ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟರೆ ದೊಡ್ಡ ವ್ಯತ್ಯಾಸ ಕಾಣದು.

ಹಾಗೆಂದು ಎಲ್ಲ ನೀರಲ್ಲಿ ಹೋಮವಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನವೆಂಬರಿನಲ್ಲಿ ಅರಿಜೋನಾ, ಮಿಷಿಗನ್, ನೆವಾಡಾಗಳಲ್ಲಿ ಚುನಾವಣೆ ನಡೆಸುವ ಹುದ್ದೆಗೇ ನಿಂತಿದ್ದ, 2020ರ ಫಲಿತಾಂಶ ಒಪ್ಪದ ಅಭ್ಯರ್ಥಿಗಳು ಸೋತರು. ಮತ ಎಣಿಸುವ ದಿನ ಉಪರಾಷ್ಟ್ರಾಧ್ಯಕ್ಷರಿಗೆ ಫಲಿತಾಂಶ ಬದಲಿಸುವ ಅಧಿಕಾರವಿಲ್ಲ ಎಂದು ಸ್ಪಷ್ಟಪಡಿಸುವ ಕಾಯ್ದೆ ಡಿಸೆಂಬರಿನಲ್ಲಿ ಬಂತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಮಾತಾಡಿಸಿದ ಸಮಿತಿಯ ವರದಿ ಅದೇ ತಿಂಗಳು ಹೊರಬಿತ್ತು, 845 ಪುಟ. ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ ಹಲವು ಪ್ರಕಾಶಕರು ಮುಗಿಬಿದ್ದರು, ಜನ ದುಡ್ಡು ಕೊಟ್ಟು ಕೊಂಡರು. ಮತ್ತೆ 2023ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯದಲ್ಲಿ ಎಂಟು ಜನ ಸಾಮಾನ್ಯರ ಜ್ಯೂರಿ ತಾಯಿ-ಮಗಳ ಕಥೆ ಕೇಳಿ, ಜೂಲಿಯಾನಿ ಆ ಇಬ್ಬರಿಗೆ 14.8 ಕೋಟಿ ಡಾಲರ್ ಕೊಡಬೇಕು ಎಂದು ತೀರ್ಪು ಹೇಳಿತು. ಕೋಟಿಗಟ್ಟಲೆ ಜನ ನೋಡಿ ಮರೆತದ್ದನ್ನು ಎಂಟು ಜನ ಮರೆಯಲಿಲ್ಲ. ನೋಡುಗನ ಕೈಯಲ್ಲಿ ರಿಮೋಟಿರುತ್ತದೆ, ಜ್ಯೂರಿ ಸದಸ್ಯನ ಮೇಲೆ ಹೊಣೆ ಇರುತ್ತದೆ.

ಟ್ರಂಪ್ 2024ರಲ್ಲಿ ಗೆದ್ದರು. 2025ರ ಜನವರಿ 20ರಂದು, ಪ್ರಮಾಣವಚನ ಸ್ವೀಕರಿಸಿದ ದಿನವೇ, ಗಲಭೆಯ ಪ್ರಕರಣಗಳಲ್ಲಿ ಸಿಕ್ಕಿದ್ದ ಸುಮಾರು 1,500 ಜನರಿಗೆ ಕ್ಷಮಾದಾನ ಕೊಟ್ಟರು. ಅದೇ ದಿನ ಬೆಳಗ್ಗೆ, ಅಧಿಕಾರ ಬಿಡುವ ಮುನ್ನ, ಬೈಡನ್ ಸಮಿತಿಯ ಸದಸ್ಯರಿಗೂ ಅದರ ಮುಂದೆ ಸಾಕ್ಷಿ ಹೇಳಿದ ಪೊಲೀಸರಿಗೂ ಮುಂಗಡ ಕ್ಷಮಾದಾನ ಕೊಟ್ಟಿದ್ದರು. ನುಗ್ಗಿದವರಿಗೂ ಕ್ಷಮೆ, ತಡೆದವರಿಗೂ ಕ್ಷಮೆ. ಕ್ಯಾಪಿಟಲ್ ರಕ್ಷಿಸಿದ ಪೊಲೀಸರ ಗೌರವಾರ್ಥ ಫಲಕ ಹಾಕಬೇಕೆಂದು 2022ರ ಮಾರ್ಚಿನಲ್ಲೇ ಕಾನೂನಾಗಿತ್ತು, ಕೊಟ್ಟ ಗಡುವು ಒಂದು ವರ್ಷ. 2025ರ ಆ ಜನವರಿಯಲ್ಲೂ ಫಲಕ ಗೋಡೆಗೆ ಏರಿರಲಿಲ್ಲ.

ಕ್ಷಮಾದಾನ ಪಡೆದವರಲ್ಲಿ ಐಡಹೊ ರಾಜ್ಯದ, ಎಪ್ಪತ್ತು ದಾಟಿದ ಹೆಂಗಸೊಬ್ಬರಿದ್ದರು. ಒಂದು ಕಾಲಕ್ಕೆ ಟ್ರಂಪ್ ಅಭಿಮಾನಿ. ತಪ್ಪೊಪ್ಪಿಕೊಂಡು 60 ದಿನ ಸೆರೆಮನೆಯಲ್ಲಿದ್ದು ಬಂದವರು. ನಾನು ಮಾಡಿದ್ದು ತಪ್ಪು, ಈ ಕ್ಷಮೆ ತೆಗೆದುಕೊಂಡರೆ ಕ್ಯಾಪಿಟಲ್ ಪೊಲೀಸರಿಗೆ ಅವಮಾನ ಮಾಡಿದಂತೆ ಎಂದು ಹೇಳಿ ಅವರು ಅದನ್ನು ಬೇಡವೆಂದರು.